ಪ್ರೊಜೆಕ್ಟರ್ ಮತ್ತು ಅದರ ದೀಪ: ಪಾಲನೆಯ ಕ್ರಮ

ಬೆಳಕಿನ ಸಹಾಯದಿಂದ ಚಿತ್ರವನ್ನು ದೂರದ ಪರದೆಯ ಮೇಲೆ ಮೂಡಿಸುವ ಯಂತ್ರಕ್ಕೆ ಪ್ರೊಜೆಕ್ಟರ್ ಎಂದು ಹೆಸರು. ಈ ಆಂಗ್ಲ ಪದದ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಮುಂದಕ್ಕೆ ಎಸೆಯುವುದೆಂದು ಅರ್ಥ. ಸಂಸ್ಕೃತದ ‘ಕ್ಷಿಪ್’ ಧಾತುವಿಗೂ ಎಸೆಯುವುದೆಂದೇ ಅರ್ಥ. ಅದಕ್ಕೆ ‘ಪ್ರ’ ಎಂಬ ಉಪಸರ್ಗವು ಸೇರಿ ‘ಪ್ರಕ್ಷೇಪಕ’ ಎಂಬ ರೂಪವು ಸಿದ್ಧಿಸುತ್ತದೆ. ಪದವು ಶುದ್ಧವಾಗಿದೆ, ಅರ್ಥವೂ ಸರಿಹೊಂದುತ್ತದೆ. ಆದರೂ ಜನರ ನಾಲಗೆಯ ಮೇಲೆ ಪ್ರೊಜೆಕ್ಟರ್ ಎಂಬುದೇ ನೆಲೆನಿಂತಿರುವುದರಿಂದ ಈ ಲೇಖನದಲ್ಲಿಯೂ ಅದನ್ನೇ ಬಳಸಲಾಗಿದೆ.

ಒಂದು ಕಾಲಕ್ಕೆ ಚಿತ್ರಮಂದಿರಗಳಲ್ಲಿ ಮಾತ್ರ ಕಾಣಸಿಗುತ್ತಿದ್ದ ಈ ಯಂತ್ರವು ಇಂದು ಗೃಹಸ್ಥರ ನಡುಮನೆಯನ್ನೂ ಶಾಲೆಯ ತರಗತಿಯನ್ನೂ ಪ್ರವೇಶಿಸಿದೆ. ಆದರೆ ಅದನ್ನು ತರುವಾಗ ಇರುವ ಉತ್ಸಾಹವು ಪಾಲನೆಯಲ್ಲಿ ಉಳಿಯುವುದು ವಿರಳ. ಕೆಲವು ವರ್ಷಗಳಲ್ಲಿ ಚಿತ್ರವು ಮಸುಕಾಗುತ್ತದೆ; ಬಳಿಕ ಒಂದು ದಿನ ದೀಪವೇ ಹೊತ್ತಿಕೊಳ್ಳುವುದಿಲ್ಲ; ಯಂತ್ರವು ಬೀರುವಿನ ಮೇಲಕ್ಕೆ ಸೇರುತ್ತದೆ. ಯಂತ್ರ ಕೆಟ್ಟಿತೆಂದು ನೋಡಿದವರೆಲ್ಲರೂ ಹೇಳುತ್ತಾರೆ. ಬಿಚ್ಚಿ ನೋಡಿದರೆ ಅನೇಕ ವೇಳೆ ಕೆಟ್ಟಿರುವುದು ಯಂತ್ರವಲ್ಲ; ದೀಪವು ಸವೆದಿರುತ್ತದೆ, ಇಲ್ಲವೆ ಗಾಳಿಯ ದಾರಿಯು ಧೂಳಿನಿಂದ ಮುಚ್ಚಿಹೋಗಿರುತ್ತದೆ. ಇವೆರಡೂ ಮನುಷ್ಯಪ್ರಯತ್ನಕ್ಕೆ ಒಳಪಟ್ಟ ಸಂಗತಿಗಳು. ಆದುದರಿಂದ ಅವುಗಳ ವಿವೇಚನೆಯು ಅಧ್ಯಾಪಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಸಮಾನವಾಗಿ ಪ್ರಯೋಜನಕರವೆಂದು ಭಾವಿಸುತ್ತೇನೆ.

ದೀಪದ ಸ್ವರೂಪ

ಪ್ರೊಜೆಕ್ಟರಿನ ದೀಪವು ಮನೆಯ ಬಲ್ಬಿನಂಥದಲ್ಲ. ಹಳೆಯ ಬಲ್ಬಿನಲ್ಲಿ ತಂತಿಯು ಕಾದು ಬೆಳಗುತ್ತಿತ್ತು. ಈ ದೀಪದಲ್ಲಿ ತಂತಿಯೇ ಇಲ್ಲ. ಸ್ಫಟಿಕಶಿಲೆಯ ಗಾಜಿನಿಂದ ಮಾಡಿದ ಒಂದು ಪುಟ್ಟ ಬುರುಡೆ. ಅದರೊಳಗೆ ಎದುರುಬದುರಾಗಿ ಟಂಗ್‌ಸ್ಟನ್ ಲೋಹದ ಎರಡು ವಿದ್ಯುದಗ್ರಗಳು. ಅವುಗಳ ನಡುವಿನ ಅಂತರ ಸುಮಾರು 1 ಮಿಲಿಮೀಟರ್ ಮಾತ್ರ. ಬುರುಡೆಯೊಳಗಿನ ಪಾದರಸವು ಕಾದು ಆವಿಯಾಗುತ್ತದೆ. ಆ ಆವಿಯ ಮೂಲಕ ಹರಿಯುವ ವಿದ್ಯುತ್ತಿನ ಚಾಪವೇ ಬೆಳಕಿನ ಮೂಲ. ಫಿಲಿಪ್ಸ್ ಸಂಸ್ಥೆಯು 1995ರಲ್ಲಿ ಬಳಕೆಗೆ ತಂದ ಈ ಬಗೆಯ ದೀಪಗಳಲ್ಲಿ ಆವಿಯ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಸುಮಾರು 200 ಪಟ್ಟು ಇರುತ್ತದೆ. ಬುರುಡೆಯ ಗೋಡೆಯಾದರೋ ನೂರಾರು ಡಿಗ್ರಿಗಳ ಶಾಖವನ್ನು ತಾಳಿಕೊಂಡಿರಬೇಕು. ಹುಣಸೆಯ ಬೀಜದಷ್ಟು ಅವಕಾಶದಲ್ಲಿ ಇಷ್ಟು ಒತ್ತಡ, ಇಷ್ಟು ಶಾಖ! ಈ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಂಡರೆ ಪಾಲನೆಯ ನಿಯಮಗಳೆಲ್ಲವೂ ತಾವಾಗಿಯೇ ಅರ್ಥವಾಗುತ್ತವೆ.

ಇಂಥ ದೀಪದ ಆಯುಷ್ಯವನ್ನು ತಯಾರಕರು ಸಾಮಾನ್ಯವಾಗಿ 2,000ದಿಂದ 5,000 ಗಂಟೆಗಳೆಂದು ನಮೂದಿಸುತ್ತಾರೆ. ಇಲ್ಲಿ ಆಯುಷ್ಯವೆಂದರೆ ದೀಪವು ಆರಿಹೋಗುವ ಕಾಲವಲ್ಲ. ಅದರ ಪ್ರಕಾಶವು ಮೊದಲಿನ ಅರ್ಧಕ್ಕೆ ಇಳಿಯುವ ಕಾಲ. ಈ ಇಳಿತವು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಆಗುವುದರಿಂದ ನೋಡುವ ಕಣ್ಣಿಗೆ ಅರಿವಾಗುವುದಿಲ್ಲ. ಹಿಂದಿನ ಸಾಲಿನ ವಿದ್ಯಾರ್ಥಿಯು ಅಕ್ಷರ ಕಾಣುವುದಿಲ್ಲವೆಂದು ಹೇಳಿದಾಗ ಅವನ ಕಣ್ಣನ್ನು ಸಂಶಯಿಸುವ ಮೊದಲು ದೀಪದ ಗಂಟೆಗಳನ್ನು ನೋಡುವುದು ಲೇಸು. ಯಂತ್ರದ ಪಟ್ಟಿಯಲ್ಲಿ ದೀಪವು ಎಷ್ಟು ಗಂಟೆ ಉರಿದಿದೆಯೆಂಬ ಲೆಕ್ಕವು ಸಿಗುತ್ತದೆ.

ಹಚ್ಚುವುದು ಮತ್ತು ಶಾಂತಗೊಳಿಸುವುದು

ನಮ್ಮ ಹಿರಿಯರು ದೀಪವನ್ನು ಆರಿಸು ಎನ್ನುತ್ತಿರಲಿಲ್ಲ, ಶಾಂತಗೊಳಿಸು ಎನ್ನುತ್ತಿದ್ದರು. ಪ್ರೊಜೆಕ್ಟರಿನ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯ. ಪ್ರದರ್ಶನವು ಮುಗಿದಾಗ ರಿಮೋಟಿನ ಗುಂಡಿಯನ್ನು ಒತ್ತಿದರೆ ದೀಪವು ಆರುತ್ತದೆ. ಆದರೆ ಒಳಗಿನ ಫ್ಯಾನು ಇನ್ನೂ ಒಂದೆರಡು ನಿಮಿಷ ತಿರುಗುತ್ತಲೇ ಇರುತ್ತದೆ. ಕಾದ ಬುರುಡೆಯನ್ನು ಕ್ರಮವಾಗಿ ತಂಪುಗೊಳಿಸುವುದೇ ಅದರ ಉದ್ದೇಶ. ಆ ಸದ್ದು ನಿಂತು, ಸೂಚಕ ದೀಪವು ಸ್ಥಿರವಾದ ಮೇಲೆಯೇ ಗೋಡೆಯ ಸ್ವಿಚ್ಚನ್ನು ಆರಿಸಬೇಕು. ನೇರವಾಗಿ ಸ್ವಿಚ್ಚನ್ನೇ ಆರಿಸಿದರೆ ಒಳಗಿನ ಶಾಖವು ಹೊರಹೋಗಲು ದಾರಿಯಿಲ್ಲದೆ ದೀಪವನ್ನೂ ಅದರ ಸುತ್ತಲಿನ ಭಾಗಗಳನ್ನೂ ಬಾಧಿಸುತ್ತದೆ. ಇತ್ತೀಚಿನ ಕೆಲವು ಯಂತ್ರಗಳು ನೇರವಾಗಿ ಆರಿಸುವುದನ್ನು ತಾಳಿಕೊಳ್ಳುವಂತೆ ರಚಿತವಾಗಿವೆ. ಅದನ್ನು ಯಂತ್ರದ ಕೈಪಿಡಿಯಿಂದ ತಿಳಿಯಬೇಕಲ್ಲದೆ ಊಹಿಸಬಾರದು.

ಹಚ್ಚುವ ಕ್ರಮವೂ ಗಮನಾರ್ಹ. ಪ್ರತಿಸಲ ಹೊತ್ತಿಸುವಾಗಲೂ ಸಾವಿರಾರು ವೋಲ್ಟಿನ ಆಘಾತದಿಂದ ಚಾಪವು ಹುಟ್ಟಬೇಕಾಗುತ್ತದೆ. ಪ್ರತಿಸಲವೂ ವಿದ್ಯುದಗ್ರಗಳು ಸ್ವಲ್ಪ ಸವೆಯುತ್ತವೆ. ಆದುದರಿಂದ ಐದು ನಿಮಿಷಕ್ಕೊಮ್ಮೆ ಹಚ್ಚಿ ಆರಿಸುವ ಅಭ್ಯಾಸವು ಮಿತವ್ಯಯವಲ್ಲ, ಅಪವ್ಯಯ. ಪಾಠದ ನಡುವೆ ಅಲ್ಪಕಾಲ ಚಿತ್ರವು ಬೇಡವಾದರೆ ರಿಮೋಟಿನಲ್ಲಿ ಚಿತ್ರವನ್ನು ಮರೆಮಾಡುವ ಗುಂಡಿಯಿರುತ್ತದೆ, ಅದನ್ನು ಬಳಸಬಹುದು.

ವಿದ್ಯುತ್ ಹಠಾತ್ತನೆ ಹೋದರೆ ದೀಪವೂ ಫ್ಯಾನೂ ಒಮ್ಮೆಗೇ ನಿಲ್ಲುತ್ತವೆ. ಮರಳಿ ವಿದ್ಯುತ್ ಬಂದ ಕ್ಷಣವೇ ಹಚ್ಚಲು ಹೋದರೆ ಕಾದ ಬುರುಡೆಯಲ್ಲಿ ಒತ್ತಡವು ಅಧಿಕವಾಗಿರುವುದರಿಂದ ಚಾಪವು ಸುಲಭವಾಗಿ ಹುಟ್ಟುವುದಿಲ್ಲ. ಕೆಲವು ನಿಮಿಷ ಕಾಯುವುದೇ ಯುಕ್ತ. ವಿದ್ಯುತ್ತು ಪದೇಪದೇ ಹೋಗುವ ಊರುಗಳಲ್ಲಿ, ಯಂತ್ರದ ಹೊರೆಯನ್ನು ತಾಳಬಲ್ಲ ಯುಪಿಎಸ್ ಒಂದನ್ನು ಇಟ್ಟುಕೊಂಡರೆ ಕ್ರಮವಾಗಿ ಶಾಂತಗೊಳಿಸುವಷ್ಟು ಅವಕಾಶವು ದೊರೆಯುತ್ತದೆ.

ಗಾಳಿ ಮತ್ತು ಧೂಳು

ದೀಪಕ್ಕೆ ಶಾಖವು ಎಷ್ಟು ಸಹಜವೋ ಗಾಳಿಯು ಅಷ್ಟೇ ಅವಶ್ಯಕ. ಯಂತ್ರವು ಒಂದು ಬದಿಯಿಂದ ತಂಪುಗಾಳಿಯನ್ನು ಎಳೆದುಕೊಂಡು ಮತ್ತೊಂದು ಬದಿಯಿಂದ ಬಿಸಿಗಾಳಿಯನ್ನು ಹೊರಹಾಕುತ್ತದೆ. ಈ ಎರಡೂ ಕಿಂಡಿಗಳ ಎದುರಿನಲ್ಲಿ ಸುಮಾರು 30 ಸೆಂಟಿಮೀಟರ್ ಅವಕಾಶವಿರಬೇಕು. ಹಾಸಿಗೆ, ದಿಂಬು, ಮೇಜುಬಟ್ಟೆಗಳ ಮೇಲೆ ಯಂತ್ರವನ್ನು ಇಡಬಾರದು. ಬಾಗಿಲು ಮುಚ್ಚಿದ ಕಪಾಟಿನಲ್ಲಿಟ್ಟು ನಡೆಸಬಾರದು. ಛಾವಣಿಗೆ ತೂಗುಹಾಕುವುದಾದರೆ ಕೈಪಿಡಿಯು ಹೇಳಿದ ಓರೆಯನ್ನು ಮೀರಬಾರದು. ಮೀರಿದರೆ ಬುರುಡೆಯೊಳಗಿನ ಶಾಖವು ಒಂದೇ ಕಡೆ ಸೇರಿ ಆಯುಷ್ಯವು ಕುಗ್ಗುತ್ತದೆ.

ಗಾಳಿಯು ಒಳಸೇರುವ ಕಿಂಡಿಯಲ್ಲಿ ಫಿಲ್ಟರ್ ಎಂಬ ಜಾಲರಿಯಿರುತ್ತದೆ. ಸೀಮೆಸುಣ್ಣದ ಪುಡಿ, ಬೀದಿಯ ಧೂಳು, ಊದುಬತ್ತಿಯ ಹೊಗೆ, ಅಡುಗೆಮನೆಯ ಒಗ್ಗರಣೆಯ ಜಿಡ್ಡು, ಇವೆಲ್ಲವೂ ಅಲ್ಲಿ ಬಂದು ನೆಲೆಸುತ್ತವೆ. ಜಾಲರಿ ಕಟ್ಟಿಕೊಂಡಾಗ ಯಂತ್ರವು ತನ್ನನ್ನು ತಾನೇ ರಕ್ಷಿಸಿಕೊಳ್ಳಲು ನಡುವೆ ನಿಲ್ಲುತ್ತದೆ. ಅದನ್ನು ಕೆಡುಕೆಂದು ತಿಳಿಯದೆ ಎಚ್ಚರಿಕೆಯೆಂದು ತಿಳಿಯಬೇಕು. ಕರಿಹಲಗೆಯಿರುವ ತರಗತಿಯಲ್ಲಿ ತಿಂಗಳಿಗೊಮ್ಮೆಯಾದರೂ, ಮನೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆಯಾದರೂ ಜಾಲರಿಯನ್ನು ಹೊರತೆಗೆದು ಮೆತ್ತನೆಯ ಕುಂಚದಿಂದ ಸ್ವಚ್ಛಗೊಳಿಸಬೇಕು. ಕೈಪಿಡಿಯು ಅನುಮತಿಸಿದ ಹೊರತು ನೀರಿನಲ್ಲಿ ತೊಳೆಯಬಾರದು. ಹರಿದಿದ್ದರೆ ಹೊಸದನ್ನು ಹಾಕಬೇಕು. ಹೊತ್ತಿಕೊಳ್ಳುವ ಅನಿಲವುಳ್ಳ ಸಿಂಪಡಣೆಯ ಡಬ್ಬಿಗಳನ್ನು ಯಂತ್ರದ ಬಳಿ ಎಂದಿಗೂ ಬಳಸಕೂಡದು. ಕಾದ ದೀಪಕ್ಕೆ ತಗುಲಿದರೆ ಬೆಂಕಿಯ ಅಪಾಯವುಂಟು. ಕೆಲವು ಡಿಎಲ್‌ಪಿ ಯಂತ್ರಗಳಲ್ಲಿ ಜಾಲರಿಯೇ ಇರುವುದಿಲ್ಲ; ಅಲ್ಲಿ ಕಿಂಡಿಗಳನ್ನು ಒಣಕುಂಚದಿಂದ ಗುಡಿಸಿದರೆ ಸಾಕು.

ಮಸೂರವನ್ನು ಒರೆಸುವ ವಿಷಯದಲ್ಲಿ ಒಂದು ಮಾತು. ಸೆರಗಿನ ಅಂಚು, ಪಂಚೆಯ ತುದಿ, ಕರವಸ್ತ್ರ, ಇವು ಯಾವುವೂ ಮಸೂರಕ್ಕೆ ಯೋಗ್ಯವಲ್ಲ. ಧೂಳಿನ ಕಣಗಳು ಉಜ್ಜಿದಾಗ ಗೀರು ಬೀಳುತ್ತದೆ. ಬಿದ್ದ ಗೀರು ಹೋಗುವುದಿಲ್ಲ. ಮೊದಲು ರಬ್ಬರಿನ ಊದುಬುರುಡೆಯಿಂದ ಧೂಳನ್ನು ಹಾರಿಸಿ, ಬಳಿಕ ಕನ್ನಡಕಕ್ಕೆ ಬಳಸುವಂಥ ನುಣುಪಾದ ಬಟ್ಟೆಯಿಂದ ಹಗುರಾಗಿ ಒರೆಸಬೇಕು. ಯಂತ್ರವು ಪೂರ್ಣವಾಗಿ ತಣ್ಣಗಾದ ಮೇಲೆ ಮಾತ್ರ ಹೊದಿಕೆಯನ್ನು ಹಾಕಬೇಕು.

ದೀಪವನ್ನು ಬದಲಿಸುವ ಕ್ರಮ

ದೀಪದ ಅವಧಿ ಮುಗಿದುದನ್ನು ಯಂತ್ರವೇ ಸೂಚಿಸುತ್ತದೆ. ಸೂಚನೆಯನ್ನು ಅಲಕ್ಷಿಸಿ ಮುಂದುವರಿಸಿದರೆ ಸವೆದ ಬುರುಡೆಯು ಸದ್ದಿನೊಡನೆ ಒಡೆಯುವ ಸಂಭವವು ಹೆಚ್ಚುತ್ತದೆ. ಬದಲಿಸುವ ಮುನ್ನ ತಂತಿಯನ್ನು ಗೋಡೆಯಿಂದ ಕಿತ್ತು ಒಂದು ಗಂಟೆಯ ಕಾಲ ತಣಿಯಲು ಬಿಡಬೇಕು. ದೀಪವು ಚೌಕಟ್ಟಿನೊಡನೆ ಬರುತ್ತದೆ. ಹಿಡಿಕೆಯನ್ನು ಹಿಡಿದು ಎತ್ತಬೇಕೇ ಹೊರತು ಗಾಜನ್ನು ಬೆರಳಿನಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಸ್ಥಳವು ಶಾಖದಲ್ಲಿ ಕೆಟ್ಟು ಬುರುಡೆಯು ದುರ್ಬಲವಾಗುತ್ತದೆ. ಹೊಸ ದೀಪವನ್ನು ಕೂರಿಸಿ ಮುಚ್ಚಳವನ್ನು ಭದ್ರವಾಗಿ ಹಾಕಬೇಕು. ಮುಚ್ಚಳವು ಸಡಿಲವಾಗಿದ್ದರೆ ಯಂತ್ರವು ಹೊತ್ತುವುದಿಲ್ಲ. ಕೊನೆಯಲ್ಲಿ ಗಂಟೆಯ ಲೆಕ್ಕವನ್ನು ಸೊನ್ನೆಗೆ ತರುವುದನ್ನು ಮರೆಯಬಾರದು.

ಕೊಳ್ಳುವಾಗಲೂ ವಿವೇಕ ಬೇಕು. ಹೊರಗಿನ ಚೌಕಟ್ಟು ಒಂದೇ ತೆರನಾಗಿದ್ದರೂ ಒಳಗಿನ ಬುರುಡೆಯ ಗುಣವು ಬೇರೆಯಾಗಿರಬಹುದು. ಅತಿ ಅಗ್ಗದ ನಕಲಿ ದೀಪವು ಬೇಗನೆ ಮಸುಕಾಗುವುದಲ್ಲದೆ ಯಂತ್ರಕ್ಕೂ ಹಾನಿಯನ್ನು ತರಬಲ್ಲದು.

ಪಾದರಸದ ಎಚ್ಚರಿಕೆ

ಮಕ್ಕಳಿರುವ ಸ್ಥಳದಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾದ ವಿಷಯ. ದೀಪದೊಳಗಿನ ಪಾದರಸವು ಅಲ್ಪಪ್ರಮಾಣದ್ದಾದರೂ ಅದರ ಆವಿಯು ವಿಷಕಾರಿ. ದೀಪವು ಒಡೆದರೆ ಯಂತ್ರವನ್ನು ಆರಿಸಿ, ಕಿಟಕಿಗಳನ್ನು ತೆರೆದು, ಮಕ್ಕಳನ್ನು ಕೂಡಲೇ ಹೊರಗೆ ಕಳುಹಿಸಿ, ಅರ್ಧ ಗಂಟೆಯಾದರೂ ಕೋಣೆಯಲ್ಲಿ ಗಾಳಿಯಾಡಲು ಬಿಡಬೇಕು. ಚೂರುಗಳು ಹೊರಗೆ ಬಿದ್ದಿದ್ದರೆ ಪೊರಕೆಯಿಂದ ಗುಡಿಸಬಾರದು. ಗಟ್ಟಿ ಕಾಗದದಿಂದ ಎತ್ತಿ, ಸಣ್ಣ ಪುಡಿಯನ್ನು ಅಂಟುಪಟ್ಟಿಯಿಂದ ತೆಗೆದು, ಮುಚ್ಚಳವಿರುವ ಗಾಜಿನ ಭರಣಿಯಲ್ಲಿ ಹಾಕಬೇಕು. ಛಾವಣಿಯ ಯಂತ್ರದ ದೀಪವು ಒಡೆದಿದ್ದರೆ ಅದರ ನೇರ ಕೆಳಗೆ ನಿಂತು ಮುಚ್ಚಳವನ್ನು ತೆರೆಯಬಾರದು. ಚೂರುಗಳು ಕಣ್ಣಿಗೆ ಬೀಳುವ ಅಪಾಯವಿದೆ. ಹಳೆಯ ದೀಪವನ್ನು ಕಸದ ತೊಟ್ಟಿಗೆ ಹಾಕುವುದೂ ತಪ್ಪು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಪಾದರಸವುಳ್ಳ ದೀಪಗಳನ್ನೂ ಒಳಗೊಂಡಿವೆ. ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸುವುದೇ ಸರಿಯಾದ ಮಾರ್ಗ.

ಲೆಕ್ಕ ಮತ್ತು ದಾನ

ದೀಪದ ಆಯುಷ್ಯವನ್ನು ಹೆಚ್ಚಿಸುವ ಸುಲಭೋಪಾಯವೊಂದಿದೆ. ಬಹುಪಾಲು ಯಂತ್ರಗಳಲ್ಲಿ ಇಕೊ ಎಂಬ ಮಿತಬೆಳಕಿನ ಕ್ರಮವಿರುತ್ತದೆ. ಕಿಟಕಿಗೆ ದಪ್ಪ ಪರದೆಯನ್ನು ಕಟ್ಟಿ ಕೋಣೆಯನ್ನು ಕತ್ತಲಾಗಿಸಿದರೆ ಆ ಮಿತಬೆಳಕೇ ಸಾಕಾಗುತ್ತದೆ. ಶಾಖವು ತಗ್ಗುತ್ತದೆ, ಫ್ಯಾನಿನ ಸದ್ದೂ ತಗ್ಗುತ್ತದೆ. ಕಿಟಕಿಯ ಪರದೆಯ ಬೆಲೆ ದೀಪದ ಬೆಲೆಗಿಂತ ಕಡಿಮೆಯೆಂಬುದನ್ನು ನೆನೆಯಬೇಕು.

ಇನ್ನು ಲೆಕ್ಕ. ದಿನಕ್ಕೆ 3 ಗಂಟೆಯಂತೆ ವರ್ಷದ 200 ದಿನ ಯಂತ್ರವು ನಡೆದರೆ 600 ಗಂಟೆಗಳಾಗುತ್ತವೆ. 3,000 ಗಂಟೆಯ ದೀಪವು 5 ವರ್ಷ ಬಾಳುತ್ತದೆ. ಅದರ ಬೆಲೆಯನ್ನು 9,000 ರೂಪಾಯಿ ಎಂದಿಟ್ಟುಕೊಂಡರೆ ಗಂಟೆಗೆ 3 ರೂಪಾಯಿ, ವರ್ಷಕ್ಕೆ 1,800 ರೂಪಾಯಿ ತೆಗೆದಿರಿಸಿದರೆ ಹೊಸ ದೀಪಕ್ಕೆ ಯಾರ ಮುಂದೆಯೂ ಕೈಚಾಚಬೇಕಾಗುವುದಿಲ್ಲ. ಈ ಮೊತ್ತವನ್ನು ತೆಗೆದಿರಿಸದ ಕಾರಣಕ್ಕೆ ಅದರ ಹಲವು ಪಟ್ಟು ಬೆಲೆಯ ಯಂತ್ರವು ಬೀರುವಿನ ಮೇಲೇರುವುದು ಶೋಚನೀಯ. ಲೇಸರ್ ಹಾಗೂ ಎಲ್‌ಇಡಿ ಬೆಳಕಿನ ಹೊಸ ಯಂತ್ರಗಳು ಸುಮಾರು 20,000 ಗಂಟೆ ಬಾಳುತ್ತವೆಂದು ಅವುಗಳ ತಯಾರಕರು ಹೇಳುತ್ತಾರೆ; ಅವುಗಳಲ್ಲಿ ದೀಪ ಬದಲಿಸುವ ಪ್ರಸಂಗವಿಲ್ಲ. ಆದರೆ ಗಾಳಿ ಮತ್ತು ಧೂಳಿನ ನಿಯಮಗಳಿಂದ ಅವೂ ಮುಕ್ತವಲ್ಲ.

ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ನಂದಾದೀವಿಗೆಯ ದತ್ತಿಗಳು ಪರಿಚಿತ. ಆ ದಾನಿಗಳು ದೀಪದ ಕಂಬವನ್ನು ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ. ದೀಪವು ನಂದದಂತೆ ಉರಿಯಲು ಎಣ್ಣೆಯನ್ನು, ಎಣ್ಣೆಗಾಗಿ ಗಾಣದ ಆದಾಯವನ್ನು, ಭೂಮಿಯನ್ನು ಬಿಟ್ಟುಕೊಟ್ಟರು. ಕೊಟ್ಟ ವಸ್ತುವಿಗಿಂತ ಅದು ನಡೆಯುವ ವ್ಯವಸ್ಥೆಯೇ ದಾನದ ಜೀವಾಳವೆಂಬುದನ್ನು ಅವರು ಬಲ್ಲವರಾಗಿದ್ದರು. ಇಂದು ಶಾಲೆಗೆ ಪ್ರೊಜೆಕ್ಟರನ್ನು ಕೊಡುವ ಮಹನೀಯರು ಅದರೊಡನೆ ಒಂದು ದೀಪವನ್ನೂ ಎರಡು ಜಾಲರಿಗಳನ್ನೂ ಕೊಡುವುದಾದರೆ, ಆ ಪರಂಪರೆಗೆ ಅನುರೂಪವಾದ ಕಾರ್ಯವಾಗುತ್ತದೆ. ಶಾಲೆಯ ಕಡೆಯಿಂದ ಒಬ್ಬ ಅಧ್ಯಾಪಕರು ಹೊಣೆಹೊತ್ತು, ಗಂಟೆಗಳ ಲೆಕ್ಕವನ್ನೂ ಜಾಲರಿ ಸ್ವಚ್ಛಗೊಳಿಸಿದ ದಿನಾಂಕವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೇಲ್ತರಗತಿಯ ವಿದ್ಯಾರ್ಥಿಗಳಿಬ್ಬರನ್ನು ಈ ಕೆಲಸದಲ್ಲಿ ಜೊತೆಗೂಡಿಸಿಕೊಂಡರೆ ಅದೇ ಒಂದು ಪಾಠವಾಗುತ್ತದೆ. ಪರದೆಯ ಮೇಲೆ ಕಂಡ ಚಿತ್ರವನ್ನು ಅವರು ಮರೆಯಬಹುದು. ಬೆಳಕನ್ನು ಕಾಯ್ದುಕೊಳ್ಳುವ ಅಭ್ಯಾಸವು ಮಾತ್ರ ಅವರೊಡನೆ ಉಳಿಯುತ್ತದೆ.