ಜೀವಕೋಶದ ಪಾಠ ಓದುತ್ತಿರುವ ಮೊಮ್ಮಗಳಿಗೆ



ನಿನ್ನ ಪತ್ರ ಬಂತು. ಜೀವಕೋಶದ ಪಾಠ ತಲೆಗೆ ಹತ್ತುತ್ತಿಲ್ಲ, ಬರೀ ಹೆಸರುಗಳೇ ತುಂಬಿವೆ, ಇವತ್ತು ಬಾಯಿಪಾಠ ಮಾಡಿದ್ದು ನಾಳೆಗೆ ಉಳಿಯುವುದಿಲ್ಲ ಎಂದು ಬರೆದಿದ್ದೀಯ. ಪ್ರೌಢಶಾಲೆಯಲ್ಲಿ ಇದೇ ಪಾಠ ಮಾಡಿಕೊಂಡು ಬಂದವಳು ನಾನು. ಈ ಮಾತನ್ನು ಪ್ರತಿ ವರ್ಷವೂ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಅದಕ್ಕೇ ನಿನಗೆ ಬರೆದ ಉತ್ತರವನ್ನು ನಿನ್ನ ವಾರಿಗೆಯ ಎಲ್ಲ ಮಕ್ಕಳೂ ಓದಲಿ ಎಂದು ಪತ್ರಿಕೆಗೇ ಕಳಿಸುತ್ತಿದ್ದೇನೆ. ನಾನು ಹೇಳುವುದು ಇಷ್ಟು: ಕೋಶದ ಯಾವ ಭಾಗವೇ ಇರಲಿ, ಯಾವ ಅಣುವೇ ಇರಲಿ, ಹೆಸರು ಕಲಿಯುವ ಮುಂಚೆ ಅದರ ಕೆಲಸ ಏನೆಂದು ಕೇಳು. ಕೆಲಸ ತಿಳಿದರೆ ಹೆಸರು ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ.

ಮೊದಲು ಕಣ್ಣಾರೆ ನೋಡು. ಈರುಳ್ಳಿಯ ಒಂದು ದಪ್ಪ ಎಸಳು ಬಿಡಿಸಿದರೆ ಅದರ ಒಳಮೈಯಲ್ಲಿ ತೆಳ್ಳಗಿನ ಪೊರೆ ಇರುತ್ತದೆ. ಅದನ್ನು ಚಿಮುಟದಿಂದ ಎಳೆದು ತಕ್ಷಣ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಒಣಗಿ ಮುದುರಿಕೊಳ್ಳುತ್ತದೆ. ಉಗುರಿನಷ್ಟು ತುಂಡನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ ಒಂದು ತೊಟ್ಟು ಅಯೋಡಿನ್ ದ್ರಾವಣ ಬಿಡು. ಕವರ್ ಸ್ಲಿಪ್ಪನ್ನು ಓರೆಯಾಗಿ ಹಿಡಿದು, ಸೂಜಿಯ ಆಸರೆಯಲ್ಲಿ ಮೆಲ್ಲಗೆ ಇಳಿಸು. ದಡಕ್ಕನೆ ಇಟ್ಟರೆ ಗಾಳಿಗುಳ್ಳೆ ಸೇರುತ್ತದೆ. ಕಪ್ಪು ಅಂಚಿನ ಆ ದುಂಡು ಗುಳ್ಳೆಯನ್ನೇ ಕೋಶವೆಂದು ತಿಳಿದು ಚಿತ್ರ ಬರೆಯುವ ಮಕ್ಕಳು ಬಹಳ. ಸೂಕ್ಷ್ಮದರ್ಶಕದಲ್ಲಿ ಸರಿಯಾಗಿ ಕಂಡಾಗ ಉದ್ದುದ್ದನೆಯ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿರುತ್ತವೆ. ಪ್ರತಿ ಕೋಶದಲ್ಲೂ ಅಯೋಡಿನ್ ಹೀರಿಕೊಂಡ ಒಂದು ಹಳದಿ ಮಿಶ್ರಿತ ಕಂದು ಚುಕ್ಕೆ ಕಾಣುತ್ತದೆ. ಅದೇ ಕೋಶಕೇಂದ್ರ. ಹೆಸರಿಗೆ ಕೇಂದ್ರವಾದರೂ ಇಲ್ಲಿ ಅದು ಬಹುಮಟ್ಟಿಗೆ ಅಂಚಿಗೆ ಸರಿದಿರುತ್ತದೆ, ಏಕೆಂದರೆ ನಡುವಿನ ಜಾಗವನ್ನೆಲ್ಲ ರಸದಾನಿ ಹಿಡಿದಿರುತ್ತದೆ.

ಈಗ ಪುಸ್ತಕದ ಸಸ್ಯಕೋಶದ ಚಿತ್ರ ತೆರೆದು ಪಕ್ಕದಲ್ಲಿಟ್ಟುಕೋ. ಅದರಲ್ಲಿ ಹಸಿರು ಕ್ಲೋರೋಪ್ಲಾಸ್ಟ್‌ಗಳಿವೆ, ನೀನು ನೋಡಿದ್ದರಲ್ಲಿ ಒಂದೂ ಇಲ್ಲ. ಕ್ಲೋರೋಪ್ಲಾಸ್ಟ್‌ನ ಕೆಲಸ ಬೆಳಕಿನಿಂದ ಆಹಾರ ತಯಾರಿಸುವುದು. ಆಹಾರ ಕೂಡಿಡುವ ಈರುಳ್ಳಿ ಗೆಡ್ಡೆಯ ಒಳಗಿನ ಎಸಳಿಗೆ ಬೆಳಕು ತಾಗುವುದೇ ಇಲ್ಲ, ಅಲ್ಲಿ ಅದಕ್ಕೇನು ಕೆಲಸ? ಅಕ್ವೇರಿಯಂನ ಹೈಡ್ರಿಲ್ಲಾ ಎಲೆಯನ್ನು ಇಟ್ಟು ನೋಡು, ಹಸಿರು ಕಣಗಳು ಕಿಕ್ಕಿರಿದಿರುತ್ತವೆ. ಪುಸ್ತಕದ ಚಿತ್ರ ಹಲವು ಕೋಶಗಳ ಭಾಗಗಳನ್ನು ಒಂದೆಡೆ ಸೇರಿಸಿ ಬರೆದದ್ದು. ನಿಜವಾದ ಕೋಶ ತನ್ನ ಕೆಲಸಕ್ಕೆ ಬೇಕಾದದ್ದನ್ನಷ್ಟೇ ಇಟ್ಟುಕೊಂಡಿರುತ್ತದೆ.

ಅದೇ ಅಯೋಡಿನ್ನನ್ನು ಹೆಚ್ಚಿದ ಆಲೂಗಡ್ಡೆಯ ಮೇಲೆ ಬಿಡು. ಕಪ್ಪು ಮಿಶ್ರಿತ ನೀಲಿಯಾಗುತ್ತದೆ, ಅಲ್ಲಿರುವುದು ಪಿಷ್ಟ. ಈರುಳ್ಳಿ ಹಾಗೆ ನೀಲಿಯಾಗುವುದಿಲ್ಲ. ಅದು ಆಹಾರವನ್ನು ಪಿಷ್ಟದ ಬದಲು ಸಕ್ಕರೆ ಜಾತಿಯ ವಸ್ತುಗಳಾಗಿ ಕೂಡಿಡುತ್ತದೆ. ಚೆನ್ನಾಗಿ ಬಾಡಿಸಿದ ಈರುಳ್ಳಿ ಸಿಹಿಯಾಗುವುದು ಅದಕ್ಕೇ. ನೋಡು, ಕೋಶದಿಂದ ಹೊರಟವರು ಅಣುವಿಗೆ ಬಂದೆವು. ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಪಾಠ, ಜೀವದಲ್ಲಿ ಒಂದೇ.

ಇನ್ನು ಕೋಶಪೊರೆ. ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತೋರಿಸಿದ್ದು ಕಾರ್ಕಿನ ಸತ್ತ ಕೋಶಗಳ ಖಾಲಿ ಗೋಡೆಗಳನ್ನು. ಕೋಶ ಬದುಕಿರುವುದು ಗೋಡೆಯಿಂದಲ್ಲ, ಒಳಗಿನ ತೆಳುವಾದ ಪೊರೆಯಿಂದ. ಯಾವುದು ಒಳಬರಬೇಕು, ಯಾವುದು ಹೊರಹೋಗಬೇಕು ಎಂಬುದನ್ನು ಆ ಪೊರೆ ನಿಯಂತ್ರಿಸುತ್ತದೆ. ಮಲೆನಾಡಿನಲ್ಲಿ ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕುವುದನ್ನು ನೀನು ಕಂಡಿದ್ದೀಯ. ಕೆಲವೇ ದಿನಗಳಲ್ಲಿ ಮಿಡಿ ಸುಕ್ಕುಗಟ್ಟಿ ಭರಣಿಯಲ್ಲಿ ನೀರು ನಿಲ್ಲುತ್ತದೆ. ಹೊರಗೆ ಉಪ್ಪು ಹೆಚ್ಚಿದಾಗ ಕೋಶದೊಳಗಿನ ನೀರು ಪೊರೆಯನ್ನು ದಾಟಿ ಹೊರಬರುತ್ತದೆ, ಇದೇ ಆಸ್ಮಾಸಿಸ್. ಮಿಡಿಯನ್ನು ಕೆಡಿಸಬೇಕೆಂದು ಬಂದ ಸೂಕ್ಷ್ಮಜೀವಿಗಳೂ ಹೀಗೇ ನೀರು ಕಳೆದುಕೊಳ್ಳುವುದರಿಂದ ಉಪ್ಪಿನಕಾಯಿ ವರ್ಷಗಟ್ಟಲೆ ಬಾಳುತ್ತದೆ.

ಈ ಪೊರೆ ಆಗಿರುವುದು ಮುಖ್ಯವಾಗಿ ಕೊಬ್ಬಿನ ಜಾತಿಯ ಅಣುಗಳ ಎರಡು ಪದರದಿಂದ. ಅಣುವಿನ ಒಂದು ತುದಿ ನೀರಿಗೆ ಒಲಿಯುತ್ತದೆ, ಇನ್ನೊಂದು ತುದಿ ನೀರನ್ನು ದೂರವಿಡುತ್ತದೆ. ನೀರಿಗೆ ಒಲ್ಲದ ತುದಿಗಳೆಲ್ಲ ಒಳಮುಖವಾಗಿ ಸೇರಿಕೊಂಡು ಪದರ ತಾನಾಗಿ ಏರ್ಪಡುತ್ತದೆ. ಇದು ಕೊಬ್ಬೇ ಎಂದು ಖಾತ್ರಿ ಮಾಡಿಕೊಳ್ಳಬೇಕೆ? ಕಿವುಚಿದ ಬಾಳೆಹಣ್ಣಿಗೆ ಉಪ್ಪುನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಮೆಲ್ಲಗೆ ಕಲಸಿ ಸೋಸು. ಜಿಡ್ಡು ಬಿಡಿಸುವ ಸೋಪು ಕೊಬ್ಬಿನ ಪೊರೆಗಳನ್ನೂ ಬಿಡಿಸಿಬಿಡುತ್ತದೆ. ಸೋಸಿದ ರಸದ ಮೇಲೆ ತಣ್ಣಗಿನ ಸ್ಪಿರಿಟ್ಟನ್ನು ಲೋಟದ ಅಂಚಿನಿಂದ ಇಳಿಬಿಟ್ಟರೆ ಎರಡೂ ಸೇರುವ ಜಾಗದಲ್ಲಿ ಬಿಳಿಯ ಎಳೆಗಳು ಮೇಲೇಳುತ್ತವೆ. ಕೋಶಕೇಂದ್ರದಿಂದ ಹೊರಬಂದ ಡಿಎನ್‌ಎ ಅದರಲ್ಲಿದೆ. ಸ್ಪಿರಿಟ್ಟಿಗೆ ಬೇಗ ಬೆಂಕಿ ಹತ್ತುತ್ತದೆ. ಮೇಷ್ಟ್ರು ಜೊತೆಗಿದ್ದಾಗಲೇ ಮಾಡು.

ಮೈಟೋಕಾಂಡ್ರಿಯಾ ಕೋಶದ ಶಕ್ತಿಕೇಂದ್ರ ಎಂದು ಬರೆದರೆ ಒಂದು ಅಂಕ ಸಿಗುತ್ತದೆ. ಆದರೆ ಅಲ್ಲಿ ನಡೆಯುವುದೇನು? ತಿಂದ ಅನ್ನ ಗ್ಲೂಕೋಸ್ ಆಗುತ್ತದೆ. ಅದನ್ನು ಒಡೆಯುತ್ತ, ಉಸಿರಿನ ಆಮ್ಲಜನಕವನ್ನು ಬಳಸಿ, ಕೋಶ ಎಟಿಪಿ ಎಂಬ ಅಣುವನ್ನು ತಯಾರಿಸುತ್ತದೆ. ಅದರ ಬಹುಪಾಲು ತಯಾರಾಗುವುದು ಮೈಟೋಕಾಂಡ್ರಿಯಾದಲ್ಲಿ. ಸ್ನಾಯು ಕುಗ್ಗುವುದಕ್ಕೂ ಹೊಸ ಪ್ರೋಟೀನ್ ಕಟ್ಟುವುದಕ್ಕೂ ಶಕ್ತಿ ಈ ಎಟಿಪಿಯಿಂದಲೇ ಬರಬೇಕು. 1929ರಲ್ಲಿ ಈ ಅಣುವನ್ನು ಕಂಡುಹಿಡಿದವರಲ್ಲಿ ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು.

ಬಲಿತ ಕೆಂಪು ರಕ್ತಕಣದಲ್ಲಿ ಮೈಟೋಕಾಂಡ್ರಿಯಾ ಇಲ್ಲ, ಕೋಶಕೇಂದ್ರವೂ ಇಲ್ಲ. ಅದರ ಕೆಲಸ ಆಮ್ಲಜನಕ ಸಾಗಿಸುವುದು. ಹಾಗಾಗಿ ಒಳಗೆಲ್ಲ ಹಿಮೋಗ್ಲೋಬಿನ್ ಎಂಬ ಪ್ರೋಟೀನ್ ತುಂಬಿಕೊಂಡಿದೆ, ಒಂದು ಕಣದಲ್ಲಿ ಸುಮಾರು 27 ಕೋಟಿ ಅಣುಗಳು. ಕೋಶಕೇಂದ್ರವಿಲ್ಲದ್ದರಿಂದ ಅದು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು. ಸುಮಾರು 120 ದಿನ ದುಡಿದು ಮುಗಿಯುತ್ತದೆ.

ಈ ಹಿಮೋಗ್ಲೋಬಿನ್ನನ್ನು ಚೆನ್ನಾಗಿ ತಿಳಿದುಕೋ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಳಿ. ಅವು ಯಾವ ಕ್ರಮದಲ್ಲಿ ಬರುತ್ತವೆ ಎಂಬುದರ ಮೇಲೆ ಸರಪಳಿ ಮಡಚಿಕೊಳ್ಳುವ ಆಕಾರ ನಿಂತಿದೆ, ಆಕಾರದ ಮೇಲೆ ಕೆಲಸ ನಿಂತಿದೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಆರನೆಯ ಸ್ಥಾನದಲ್ಲಿ ನೀರಿಗೆ ಒಲಿಯುವ ಗ್ಲುಟಾಮಿಕ್ ಆಮ್ಲದ ಬದಲು ನೀರಿಗೆ ಒಲ್ಲದ ವ್ಯಾಲಿನ್ ಬಂದರೆ ಸಾಕು, ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ. ದುಂಡನೆಯ ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಇದೇ ಸಿಕಲ್ ಸೆಲ್ ರೋಗ. ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಸೇರಿ ದೇಶದ ಹಲವು ಬುಡಕಟ್ಟು ಸಮುದಾಯಗಳ ಮಕ್ಕಳು ಇದರ ನೋವು ಉಣ್ಣುತ್ತಿದ್ದಾರೆ. ತಂದೆ ತಾಯಿ ಇಬ್ಬರಲ್ಲೂ ಬದಲಾದ ಜೀನ್‌ನ ಒಂದೊಂದು ಪ್ರತಿ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತ ಪರೀಕ್ಷೆಯಿಂದ ಅದನ್ನು ಮೊದಲೇ ತಿಳಿಯಬಹುದು. ಇದನ್ನು ಓದಿಕೊಂಡವರು ಆ ಕಾಯಿಲೆಯನ್ನು ಶಾಪ ಎನ್ನುವುದಿಲ್ಲ, ತಾಯಿಯನ್ನು ದೂರುವುದಿಲ್ಲ. ಈ ಪಾಠ ಪರೀಕ್ಷೆಗಿಂತ ದೊಡ್ಡದು ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಮುಂದೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆ: ಕಂಡದ್ದು, ಅದರ ಕೆಲಸ, ಅದರ ಹೆಸರು. ಇದೇ ಕ್ರಮದಲ್ಲಿ ತುಂಬು. ಮೊದಲ ಕಾಲಂ ಖಾಲಿ ಉಳಿದ ಕಡೆ, ಅದನ್ನು ನೋಡುವುದು ಹೇಗೆಂದು ಮೇಷ್ಟ್ರನ್ನು ಕೇಳು. ಶಾಲೆಯ ಸೂಕ್ಷ್ಮದರ್ಶಕ ಬೀರುವಿನಲ್ಲೇ ಉಳಿದಿದ್ದರೆ ಹತ್ತು ಮಂದಿ ಮಕ್ಕಳು ಒಟ್ಟಾಗಿ ಹೋಗಿ, ವಿನಯದಿಂದ ಕೇಳಿ, ಈ ವಾರವೇ ಅದನ್ನು ಹೊರಗೆ ತೆಗೆಸಿ.

ಇಂತಿ,
ನಿನ್ನ ಪ್ರೀತಿಯ ಅಜ್ಜಿ