ಸಿಡಿ ಒತ್ತಿಸುವ ಮುನ್ನ

ತಮ್ಮಾ, ಪಡಸಾಲೆಯಲ್ಲಿ ಭಜನಾ ಮೇಳ ಕೂಡಿಸಿ ಹಾಡು ರೆಕಾರ್ಡ್ ಮಾಡಿದ್ದೀರಿ, ಬಹಳ ಸಂತೋಷ. ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಸಿಡಿ ಮಾರಬೇಕೆಂಬ ನಿನ್ನ ಅವಸರವೂ ಗೊತ್ತು. ಆದರೆ ಕಾರ್ಖಾನೆಗೆ ಹೋದ ಮೇಲೆ ತಿದ್ದಲು ಬರುವುದಿಲ್ಲ. ಅಲ್ಲಿ ನಿನ್ನ ಮಾಸ್ಟರನ್ನು ಲೇಸರಿನಿಂದ ಗಾಜಿನ ತಟ್ಟೆಯ ಮೇಲೆ ಬರೆಯುತ್ತಾರೆ, ಅದರಿಂದ ನಿಕಲ್ ಅಚ್ಚು ತೆಗೆಯುತ್ತಾರೆ, ಆ ಅಚ್ಚಿನಲ್ಲಿ ಪಾಲಿಕಾರ್ಬೊನೇಟ್ ಒತ್ತುತ್ತಾರೆ. ಯಾರೋ ಕೆಮ್ಮಿದ್ದು ಮಾಸ್ಟರಿನಲ್ಲಿ ಉಳಿದರೆ ಸಾವಿರ ಸಿಡಿಯಲ್ಲೂ ಕೆಮ್ಮುತ್ತಾರೆ.

ಮೊದಲು ಹಾಡು ಮುಗಿಯುವ ಜಾಗ ನೋಡು. ಹೊಸಬರು ಎಡವುವುದೇ ಅಲ್ಲಿ. ನಿಮ್ಮೂರು ಸುರೇಬಾನದಲ್ಲಿ ಮಗ್ಗದ ಸದ್ದು ಎಲ್ಲಿಂದಲೋ ಬಂದೇ ಬರುತ್ತದೆ. ಹಾಡು ನಡೆದಾಗ ಅದು ಕೇಳುವುದಿಲ್ಲ, ಪೇಟಿ ನಿಂತ ಕೂಡಲೇ ಕೇಳುತ್ತದೆ. ಅದನ್ನು ಕತ್ತರಿಸಿ ಅಲ್ಲಿ ಪೂರ್ತಿ ಮೌನ ಇಟ್ಟರೆ ಕೇಳುವವನ ಕಿವಿ ಥಟ್ಟನೆ ಮುಚ್ಚಿದಂತಾಗುತ್ತದೆ. ಏಕತಾರಿಯ ನಾದ ತಾನಾಗಿ ಇಳಿಯುವವರೆಗೆ ಕಾಯಬೇಕು, ಆಮೇಲೆ ಮೆಲ್ಲಗೆ ಫೇಡ್ ಮಾಡಬೇಕು. ಇನ್ನು ಮುಂದೆ ರೆಕಾರ್ಡಿಂಗಿಗೆ ಕೂತಾಗ, ಯಾರೂ ಹಾಡದೆ ಬರೀ ಕೋಣೆಯ ಸದ್ದನ್ನು ಒಂದು ನಿಮಿಷ ಹಿಡಿದಿಡು. ಹಾಡುಗಳ ನಡುವೆ ತೇಪೆ ಹಾಕಲು ಅದೇ ಬೇಕಾಗುತ್ತದೆ.

ಆಲಾಪದಿಂದ ನೇರ ಪದಕ್ಕೆ ಇಳಿಯುವ ಕಡೆ ಟ್ರ್ಯಾಕ್ ಒಡೆಯುವಾಗ ಇನ್ನೂ ಎಚ್ಚರ ಬೇಕು. ಸಿಡಿ ಒಂದು ಸೆಕೆಂಡನ್ನು 75 ತುಂಡು ಮಾಡುತ್ತದೆ, ಒಂದೊಂದು ತುಂಡಿನಲ್ಲಿ 588 ಸ್ಯಾಂಪಲ್. ನಿನ್ನ ಫೈಲು ಆ ಗಡಿಯ ಮೇಲೆ ಮುಗಿಯದಿದ್ದರೆ ಉಳಿದ ಜಾಗಕ್ಕೆ ಯಂತ್ರ ಮೌನ ತುಂಬುತ್ತದೆ, ನಡುವೆ ‘ಟಿಕ್’ ಎನ್ನುತ್ತದೆ. ಆದ್ದರಿಂದ ಬಿಡಿಬಿಡಿ ಫೈಲು ಕಳಿಸಬೇಡ; ಇಡೀ ಸಿಡಿಯನ್ನು ಒಂದಾಗಿ ಜೋಡಿಸಿ, ಕಾರ್ಖಾನೆಯವರು ಒಪ್ಪುವ ಡಿಡಿಪಿ ರೂಪಕ್ಕೆ ತಂದು, ಅದರ ಎಂಡಿ5 ಲೆಕ್ಕದ ಜೊತೆ ಕೊಡು. ದಾರಿಯಲ್ಲಿ ಏನಾದರೂ ಕೆಟ್ಟಿದ್ದರೆ ಆ ಲೆಕ್ಕ ತಾಳೆಯಾಗುವುದಿಲ್ಲ, ಒತ್ತುವ ಮೊದಲೇ ಸಿಕ್ಕಿಬೀಳುತ್ತದೆ.

ಫಿಲಿಪ್ಸ್ ಮತ್ತು ಸೋನಿ 1980ರಲ್ಲಿ ಗೊತ್ತುಮಾಡಿದ ಅಳತೆಯೇ ಇವತ್ತಿಗೂ ಸಿಡಿಯದು: 44.1 ಕಿಲೋಹರ್ಟ್ಸ್, 16 ಬಿಟ್. ನೀನು 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ಕಡೆಯವರೆಗೂ ಹಾಗೆಯೇ ಇಟ್ಟುಕೊಂಡು, ಕೊಟ್ಟಕೊನೆಗೆ ಒಂದೇ ಸಲ, ಡಿದರ್ ಎಂಬ ಸಣ್ಣ ಸದ್ದು ಬೆರೆಸಿ 16 ಬಿಟ್‌ಗೆ ಇಳಿಸು. ಎಂಪಿ3ಯಿಂದ ಮಾಸ್ಟರ್ ಮಾಡುವ ಯೋಚನೆಯೇ ಬೇಡ. ಅದರಲ್ಲಿ ಕಳೆದುಹೋದದ್ದು ಮರಳಿ ಬರುವುದಿಲ್ಲ.

ಜಾತ್ರೆಯಲ್ಲಿ ಪಕ್ಕದ ಅಂಗಡಿಗಿಂತ ಜೋರಾಗಿ ಕೇಳಬೇಕೆಂದು ಲಿಮಿಟರಿನಿಂದ ಹಾಡನ್ನು ಹಿಂಡಬೇಡ. ಈ ಮಾತನ್ನು ಕೈ ಮುಗಿದು ಹೇಳುತ್ತೇನೆ. ನಮ್ಮ ಭಜನೆಯ ಜೀವ ತಾಳದ ಮೊನಚಿನಲ್ಲಿದೆ, ಡಗ್ಗಾದ ಗುಮ್ಮೆನ್ನುವ ಇಳಿತದಲ್ಲಿದೆ. ಹಿಂಡಿದರೆ ಮೊದಲು ಸಾಯುವುದು ಅವೇ. ಅತಿ ಜೋರಿನ ಪೆಟ್ಟೂ ಡಿಜಿಟಲ್ ಮಿತಿಯಾದ ಸೊನ್ನೆಗಿಂತ ಒಂದು ಡೆಸಿಬಲ್ ಕೆಳಗೇ ಇರಲಿ. ಜೋರು ಬೇಕಾದವನು ತಾನೇ ದನಿ ಏರಿಸಿಕೊಳ್ಳುತ್ತಾನೆ.

74 ನಿಮಿಷ ಜಾಗ ಇದೆಯೆಂದು ತುಂಬಿಬಿಡಬೇಡ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರು 78 ಸುತ್ತಿನ ತಟ್ಟೆಯ ಮೂರು ನಿಮಿಷದ ಚೂರಿನಲ್ಲೇ ರಾಗ ಕಟ್ಟಿಕೊಟ್ಟವರು. ಸೋತ ಹಾಡು ಎರಡಿದ್ದರೆ ತೆಗೆದುಬಿಡು.

ಹಕ್ಕಿನ ಮಾತೂ ಇದೆ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು, ಅವರ ಪದಗಳಿಗೆ ಯಾರ ಅಪ್ಪಣೆಯೂ ಬೇಡ. ಆದರೆ ಸಿ. ಅಶ್ವಥ್ ಕೂಡಿಸಿದ ಧಾಟಿಯಲ್ಲಿ ಹಾಡಿದ್ದರೆ ಹಕ್ಕುದಾರರ ಅನುಮತಿ ಪಡೆಯಲೇಬೇಕು. ಹಿರಿಯರಿಂದ ಬಂದ ನಿಮ್ಮ ಮೇಳದ ಧಾಟಿಯಾದರೆ ಆ ತಂಟೆಯಿಲ್ಲ, ನನಗೆ ಅದೇ ಇಷ್ಟ. ಕವರಿನ ಮೇಲೆ ತಾಳ ಬಡಿದವನ ಹೆಸರೂ ಬರಲಿ, ಕಾಗುಣಿತ ತಪ್ಪದಂತೆ.

ಕಳಿಸುವ ಮುನ್ನ ಹೆಡ್‌ಫೋನಿನಲ್ಲಿ ಕೇಳು, ಟ್ರ್ಯಾಕ್ಟರಿನ ಡೆಕ್ಕಿನಲ್ಲೂ ಕೇಳು. ಮೇಳದ ಹಿರಿಯ ಹಾಡುಗಾರರನ್ನು ಕೂಡಿಸಿ, ಮೊದಲಿಂದ ಕಡೆಯವರೆಗೆ ನಿಲ್ಲಿಸದೆ ಕೇಳಿಸು. ಅವರು ಒಪ್ಪಿದ ಮೇಲೆ ಮೂಲದ 24 ಬಿಟ್ ಫೈಲುಗಳನ್ನು ಎರಡು ಹಾರ್ಡ್‌ಡಿಸ್ಕಿಗೆ ಹಾಕು. ಒಂದು ನಿನ್ನ ಹತ್ತಿರ ಇರಲಿ, ಇನ್ನೊಂದು ಬೇರೆ ಊರಿನ ಬೀಗರ ಮನೆಯಲ್ಲಿ.