ಕೂಸಿನ ಮೊದಲ ತುತ್ತು

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಒಂಬತ್ತು ತಿಂಗಳ ಕೂಸನ್ನೆತ್ತಿಕೊಂಡು ನಮ್ಮನ್ನು ನೋಡಲು ಬಂದಿದ್ದಳು. ಕೂಸು ಬಲು ಕೃಶವಾಗಿತ್ತು. ಏನನ್ನು ಉಣಿಸುತ್ತೀಯೆಂದು ವಿಚಾರಿಸಲು, "ತಾವು ತರಗತಿಯಲ್ಲಿ ಹೇಳಿಕೊಟ್ಟಂತೆಯೇ, ಟೀಚರಮ್ಮಾ, ತಿಳಿಯಾದ ಗಂಜಿ" ಎಂದಳು. ಆ ಮಾತು ನಮಗೆ ನಾಟಿತು. ಶಿಶುವಿನ ಆಹಾರವು ನೀರಿನಂತಿದ್ದರೆ ಮಾತ್ರ ಜೀರ್ಣವಾಗುವುದೆಂದು ನಾವು ಹಲವು ವರ್ಷ ಬೋಧಿಸಿದ್ದುಂಟು. ಅದು ತಪ್ಪು. ಕೂಸನ್ನು ವೈದ್ಯರಿಗೆ ತೋರಿಸಿ ತೂಕ ಹಾಕಿಸೆಂದು ಹೇಳಿ ಕಳುಹಿಸಿದೆವು. ಪಾಠವನ್ನು ಇಲ್ಲಿ ತಿದ್ದುತ್ತೇವೆ.

ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಆ ಬಳಿಕ ಹಾಲನ್ನು ಬಿಡಿಸಕೂಡದು, ಆದರೆ ಹಾಲು ಮಾತ್ರ ಸಾಲದು. ಹುಟ್ಟುವಾಗ ಕೂಸು ಮೈಯಲ್ಲಿ ಕೂಡಿಟ್ಟುಕೊಂಡು ಬಂದ ಕಬ್ಬಿಣಾಂಶವು ಆ ವೇಳೆಗೆ ಮುಗಿಯುತ್ತ ಬಂದಿರುತ್ತದೆ. ತಾಯಿಯ ಹಾಲಿನಲ್ಲಿ ಅದು ಅತ್ಯಲ್ಪ. ಕೂಸಿನ ಹೊಟ್ಟೆಯಾದರೋ ಚಿಕ್ಕದು. ಅದನ್ನು ನೀರಿನಿಂದಲೇ ತುಂಬಿದರೆ ಹಸಿವು ಅಡಗುವುದೇ ಹೊರತು ಮೈಗೆ ಏನೂ ಹತ್ತದು. ಬೇಳೆಯ ಕಟ್ಟಿನ ಸಂಗತಿಯೂ ಹೀಗೆಯೇ: ಸಾರವೆಲ್ಲ ತಳದ ಬೇಳೆಯಲ್ಲಿ ಉಳಿದು, ಅದನ್ನು ಮನೆಯ ಹಿರಿಯರು ಉಣ್ಣುತ್ತಾರೆ!

ಆದುದರಿಂದ ಗಂಜಿಯು, ಚಮಚವನ್ನು ಓರೆ ಮಾಡಿದೊಡನೆ ಸುರಿದುಹೋಗದಷ್ಟು ಗಟ್ಟಿಯಾಗಿರತಕ್ಕದ್ದು. ಕೂಸು ಅದನ್ನು ನುಂಗಲಾರದೆಂದು ಅಂಜುವವರಿಗೆ ನಮ್ಮ ಅಜ್ಜಿಯರ ರಾಗಿಯ ಹಿಟ್ಟೇ ಉಪಾಯ. ರಾಗಿಯನ್ನು ಒಂದು ರಾತ್ರಿ ನೆನೆಯಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಬೀಸಿ, ತೆಳು ಬಟ್ಟೆಯಲ್ಲಿ ಶೋಧಿಸಬೇಕು. ಮೊಳೆತ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವೊಂದುಂಟು. ಹೆಚ್ಚಾಗಿ ಹುರಿದರೆ ಅದು ನಾಶವಾಗುವುದು. ಗಟ್ಟಿಯಾಗಿ ಬೆಂದು ಸ್ವಲ್ಪ ಆರಿದ ಅಕ್ಕಿ-ಬೇಳೆಯ ಗಂಜಿಗೆ ಈ ಹಿಟ್ಟನ್ನು ಒಂದು ಸಣ್ಣ ಚಮಚ ಕಲಸಿದರೆ, ನೀರು ಸೇರಿಸದೆಯೇ ಕೆಲವು ನಿಮಿಷಗಳಲ್ಲಿ ಗಂಜಿ ಸಡಿಲವಾಗುತ್ತದೆ. ಮತ್ತೊಂದು ಕುದಿ ಬರಿಸಿ, ಆರಿಸಿ ಉಣಿಸಬೇಕು. ಮೈಸೂರು ಸೀಮೆಯವರ ಸರಿಯೂ ಕರಾವಳಿಯವರ ಮಣ್ಣಿಯೂ ಉತ್ತಮವೇ. ಆದರೆ ಅವೂ ನೀರಾಗಕೂಡದು.

ಮೊದಲು ಎರಡು ಮೂರು ಚಮಚದಂತೆ ದಿನಕ್ಕೆ 2-3 ಸಲ ಸಾಕು. ಒಂಬತ್ತನೆಯ ತಿಂಗಳಿಗೆ ಅರ್ಧ ಬಟ್ಟಲಿನಂತೆ 3-4 ಸಲವಾಗಬೇಕು. ಚೆನ್ನಾಗಿ ಬೇಯಿಸಿ ನುಣ್ಣಗೆ ಹಿಸುಕಿದ ಮೊಟ್ಟೆ, ಮೀನು, ಮಾಂಸಗಳನ್ನು ಆರು ತಿಂಗಳಿನಿಂದಲೇ ಕೊಡಬಹುದು. ತಿನ್ನದ ಮನೆಯವರು ಬೇಳೆ-ಸೊಪ್ಪಿಗೆ ನಿಂಬೆಯ ರಸ ಹಿಂಡಿದರೆ ಕಬ್ಬಿಣಾಂಶವು ಹೆಚ್ಚಾಗಿ ಮೈಗೂಡುವುದು. ಉಪ್ಪು ಸಕ್ಕರೆಗಳು ಬೇಡ. ಜೇನು ನೆಕ್ಕಿಸುವ ಪದ್ಧತಿಯನ್ನಂತೂ ನಾವು ಕಟ್ಟುನಿಟ್ಟಾಗಿ ನಿಷೇಧಿಸುತ್ತೇವೆ. ವರ್ಷ ತುಂಬದ ಶಿಶುವಿನ ಕರುಳಿನಲ್ಲಿ ಅದರೊಳಗಿನ ಒಂದು ಜಾತಿಯ ರೋಗಾಣು ಬೆಳೆದು, ನರಗಳನ್ನು ಕುಂದಿಸುವ ವಿಷವನ್ನು ಉಂಟುಮಾಡಬಲ್ಲದು.

ಕೂಸು ಮೊದಲ ತುತ್ತನ್ನು ನಾಲಗೆಯಿಂದ ಹೊರದಬ್ಬಿದರೆ ಅದು ಒಲ್ಲದೆಂದು ತಿಳಿಯಬೇಡಿರಿ, ನುಂಗಲು ಕಲಿಯುತ್ತಿರುವುದಷ್ಟೆ. ಗದರದೆ, ಮರುದಿನ ಪುನಃ ಕೊಡಿರಿ.

ಆ ವಿದ್ಯಾರ್ಥಿನಿಯ ಅತ್ತೆಯವರು ಗಟ್ಟಿಗಂಜಿಗೆ ಮೊದಲು ಒಪ್ಪಲಿಲ್ಲವಂತೆ. ಈಗ ರಾಗಿಯನ್ನು ಮೊಳಕೆ ಕಟ್ಟುವವರು ಅವರೇ ಎಂದು ಪತ್ರ ಬಂದಿದೆ.